ಲಾಭದ ಗಾಳಿಗೆ ಸರ್ಕಾರದ ನೆರವೇಕೆ?

ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಸಂಚರಿಸುವವರಿಗೆ ಹೊಲಗಳ ನಡುವೆ ಎತ್ತರವಾಗಿ ನಿಂತ ಗಾಳಿಯಂತ್ರಗಳು ಕಾಣಿಸುತ್ತವೆ. ಅವು ಉತ್ಪಾದಿಸುವ ವಿದ್ಯುತ್ತನ್ನು ಮಾರಿ ಒಡೆಯರು ಲಾಭ ಪಡೆಯುತ್ತಾರೆ. ಲಾಭವಿರುವ ಉದ್ಯಮಕ್ಕೆ ಬೊಕ್ಕಸದ ನೆರವೇಕೆ ಎಂಬ ಪ್ರಶ್ನೆ ಸಹಜವಾದುದೇ.

ಉತ್ತರದ ಒಂದು ಭಾಗ ಯಂತ್ರದ ಸ್ವಭಾವದಲ್ಲಿದೆ. ಗಾಳಿಗೆ ಬೆಲೆಯಿಲ್ಲ; ಆದರೆ ವೆಚ್ಚದ ಬಹುಭಾಗವನ್ನು ಮೊದಲ ಯೂನಿಟ್ ವಿದ್ಯುತ್ ಹುಟ್ಟುವ ಮುನ್ನವೇ ಹೂಡಬೇಕು. ಗಾಳಿಯ ಶಕ್ತಿಯಾದರೋ ಅದರ ವೇಗದ ಘನವನ್ನು ಅನುಸರಿಸುತ್ತದೆ. ವೇಗ ಅರ್ಧಕ್ಕಿಳಿದರೆ ಶಕ್ತಿ ಎಂಟನೆಯ ಒಂದು ಪಾಲಾಗುತ್ತದೆ. ಇಂಥ ಅನಿಶ್ಚಯಕ್ಕೆ ಮೊದಮೊದಲು ಹಣ ತೊಡಗಿಸುವವರು ವಿರಳ. ಇನ್ನೊಂದು ಕಾರಣವೂ ಉಂಟು. ಕಲ್ಲಿದ್ದಲಿನ ಹೊಗೆಯಿಂದ ಜನರಿಗಾಗುವ ಹಾನಿ ಅದರ ಬೆಲೆಯಲ್ಲಿ ಪೂರ್ಣವಾಗಿ ಸೇರಿಲ್ಲವಾದ್ದರಿಂದ, ಆ ವಿದ್ಯುತ್ತು ಇರುವುದಕ್ಕಿಂತ ಅಗ್ಗವಾಗಿ ತೋರುತ್ತದೆ.

ಆದುದರಿಂದ ಭಾರತ ಸರ್ಕಾರವು ಗಾಳಿಯಂತ್ರಗಳಿಗೆ ತ್ವರಿತ ಸವಕಳಿಯ ಸೌಲಭ್ಯವನ್ನಿತ್ತಿತು. ವರ್ಷಾರಂಭದಲ್ಲಿ 10 ಕೋಟಿ ರೂಪಾಯಿಯ ಯಂತ್ರ ಸ್ಥಾಪಿಸಿದವರು ಶೇಕಡಾ 80ರಷ್ಟನ್ನು, ಎಂದರೆ 8 ಕೋಟಿಯನ್ನು, ಆ ವರ್ಷದ ಆದಾಯದಿಂದಲೇ ಕಳೆಯಬಹುದಾಗಿತ್ತು. ತೆರಿಗೆ ಶೇಕಡಾ 30 ಎಂದಿಟ್ಟುಕೊಂಡರೆ ಆಗ 2.4 ಕೋಟಿ ಕೈಯಲ್ಲುಳಿಯುತ್ತದೆ. ಇದು ತೆರಿಗೆಯ ಮನ್ನಾ ಅಲ್ಲ, ಮುಂದೂಡಿಕೆ. ಆದರೂ ಬಡ್ಡಿಯಿಲ್ಲದ ಸಾಲಕ್ಕೆ ಸಮಾನ.

ಇದರಲ್ಲಿ ಒಂದು ದೋಷವಿತ್ತು. ಬೇರೆ ವ್ಯಾಪಾರದಲ್ಲಿ ಲಾಭ ಗಳಿಸುವವರಿಗೆ ಯಂತ್ರವನ್ನು ನೆಟ್ಟು ಚಾಲನೆ ಕೊಟ್ಟರೆ ಸಾಕು. ಅದು ಎಷ್ಟು ವಿದ್ಯುತ್ ಕೊಟ್ಟಿತೆಂಬುದು ಈ ಸೌಲಭ್ಯದ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅದಕ್ಕೆಂದೇ 2009ರಲ್ಲಿ, ಈ ಸವಕಳಿಯನ್ನು ಪಡೆಯದವರಿಗೆ, ಉತ್ಪಾದಿಸಿದ ಪ್ರತಿ ಯೂನಿಟ್ಟಿಗೆ 50 ಪೈಸೆಯ ಪ್ರೋತ್ಸಾಹಧನವನ್ನು ಗೊತ್ತುಮಾಡಲಾಯಿತು.

ಕ್ರಮೇಣ ಯಂತ್ರಗಳು ದೊಡ್ಡವಾದವು, ಅನುಭವ ಬೆಳೆಯಿತು. 2017ರ ಹರಾಜುಗಳಲ್ಲಿ ಯೂನಿಟ್ಟಿನ ದರ ಫೆಬ್ರವರಿಯಲ್ಲಿ 3 ರೂಪಾಯಿ 46 ಪೈಸೆಯಿದ್ದುದು ಡಿಸೆಂಬರಿನಲ್ಲಿ 2 ರೂಪಾಯಿ 43 ಪೈಸೆಗೆ ಇಳಿಯಿತು. ಅದೇ ಏಪ್ರಿಲಿನಿಂದ ಸವಕಳಿಯನ್ನೂ ಶೇಕಡಾ 40ಕ್ಕೆ ಇಳಿಸಲಾಯಿತು. ಆದರೂ ನೆರವು ನಿಲ್ಲಲಿಲ್ಲ. 2025ರ ಜೂನ್ 30ರೊಳಗೆ ಆರಂಭವಾದ ಸ್ಥಾವರಗಳಿಗೆ ಅಂತರರಾಜ್ಯ ಪ್ರಸರಣ ಶುಲ್ಕದಿಂದ ಪೂರ್ಣ ವಿನಾಯಿತಿ ದೊರೆಯಿತು. ದೊರೆತ ಸೌಲಭ್ಯವನ್ನು ಬಿಡುವ ಮನಸ್ಸು ಯಾರಿಗೂ ಬರುವುದಿಲ್ಲ. ಪ್ರಯೋಜನ ಕೆಲವರಿಗೆ ದೊಡ್ಡದಾಗಿ ದೊರೆಯುತ್ತದೆ. ಹೊರೆಯು ಕೋಟ್ಯಂತರ ಜನರಲ್ಲಿ ಹಂಚಿಹೋಗಿ ಕಣ್ಣಿಗೆ ಬೀಳದಾಗುತ್ತದೆ.

ಗಂಗಾವತಿಯ ರೈತನು ಭತ್ತದ ಸಸಿಯನ್ನು ಮಡಿಯಲ್ಲಿ ಜೋಪಾನ ಮಾಡುವುದು ಗದ್ದೆಯಲ್ಲಿ ನಾಟಿ ಮಾಡಲೆಂದೇ ಹೊರತು ಕೊಯ್ಲಿನವರೆಗೆ ಮಡಿಯಲ್ಲಿರಿಸಲೆಂದಲ್ಲ. ಯಾವುದೇ ನೆರವಿನ ಬಗೆಗೆ ಎರಡು ಪ್ರಶ್ನೆಗಳನ್ನು ಕೇಳಬೇಕು: ಅದರಿಂದ ಜನತೆಗೆ ದೊರೆತುದೇನು? ಅದು ಎಂದು ಮುಗಿಯುತ್ತದೆ?