ನಾವು ಆರಿಸದ ಆಯ್ಕೆಗಳು: ದತ್ತಸಂಚಯದ ಡೀಫಾಲ್ಟ್ ಎಂದರೇನು?

ಮಕ್ಕಳ ಪರೀಕ್ಷಾ ಫಲಿತಾಂಶವನ್ನು ಮೊಬೈಲಿನಲ್ಲಿ ನೋಡುವಾಗ ಆ ಮಾಹಿತಿ ಎಲ್ಲೋ ಒಂದು ಯಂತ್ರದಲ್ಲಿದೆ ಎಂದು ನಾವು ಭಾವಿಸುತ್ತೇವೆ. ಹಲವು ದೊಡ್ಡ ವ್ಯವಸ್ಥೆಗಳಲ್ಲಿ ಹಾಗಿರುವುದಿಲ್ಲ. ಒಂದೇ ದಾಖಲೆಯ ಮೂರು ಪ್ರತಿಗಳು ಮೂರು ಯಂತ್ರಗಳಲ್ಲಿರುತ್ತವೆ. ಇದು ವಿತರಿತ ದತ್ತಸಂಚಯ, ಅಂದರೆ ಡಿಸ್ಟ್ರಿಬ್ಯೂಟೆಡ್ ಡೇಟಾಬೇಸ್. ಇದನ್ನು ಸ್ಥಾಪಿಸುವವರು ಮುಟ್ಟದೆ ಬಿಟ್ಟ ಸೆಟ್ಟಿಂಗ್‌ಗಳಲ್ಲಿ ತಯಾರಕರು ಇಟ್ಟದ್ದೇ ಜಾರಿಯಲ್ಲಿರುತ್ತದೆ. ಅದೇ ಡೀಫಾಲ್ಟ್.

ಒಂದು ಯಂತ್ರ 'ಬರೆದುಕೊಂಡೆ' ಎಂದೊಡನೆ ಕೆಲಸ ಮುಗಿಯಿತೆಂದರೆ ವೇಗ ಹೆಚ್ಚು. ಆದರೆ ಉಳಿದವುಗಳಿಗೆ ಪ್ರತಿ ತಲಪುವ ಮೊದಲೇ ಅದು ಕೆಟ್ಟರೆ ದಾಖಲೆಯೇ ಇಲ್ಲ. ಮೂರರಲ್ಲಿ ಎರಡು ಒಪ್ಪಬೇಕೆಂದರೆ ಒಂದು ಕೆಟ್ಟರೂ ಇನ್ನೊಂದರಲ್ಲಿ ಉಳಿಯುತ್ತದೆ. ಮೊಂಗೋಡಿಬಿ ಎಂಬ ದತ್ತಸಂಚಯ ಆರಂಭದಲ್ಲಿ ಉತ್ತರಕ್ಕೇ ಕಾಯುತ್ತಿರಲಿಲ್ಲ. 2012ರಲ್ಲಿ ಒಂದು ಯಂತ್ರದ ಒಪ್ಪಿಗೆ, 2021ರ 5.0 ಆವೃತ್ತಿಯಲ್ಲಿ ಬಹುಮತದ ಒಪ್ಪಿಗೆ ಅದರ ಡೀಫಾಲ್ಟ್ ಆಯಿತು. ಇದೇ ಸರಿಯೆಂದು ನಮ್ಮ ಅಭಿಪ್ರಾಯ: ವೇಗ ಬೇಕಾದವರು ತಿಳಿದು ಬದಲಿಸಿಕೊಳ್ಳಲಿ, ತಿಳಿಯದವರಿಗೆ ಸುರಕ್ಷಿತವಾದುದೇ ದೊರೆಯಲಿ.

ಅಳಿಸುವುದು ಬರೆಯುವುದಕ್ಕಿಂತಲೂ ಕಷ್ಟ. ಕಸಾಂಡ್ರಾದಲ್ಲಿ ದಾಖಲೆಯನ್ನು ಅಳಿಸಿದರೆ ಅದರ ಜಾಗದಲ್ಲಿ 'ಇದು ಸತ್ತಿದೆ' ಎಂಬ ಗುರುತು ಉಳಿಯುತ್ತದೆ. ಗೋರಿಕಲ್ಲೆಂದೇ ಅದರ ಹೆಸರು. ಡೀಫಾಲ್ಟ್ ಅವಧಿ 8,64,000 ಸೆಕೆಂಡು, ಅಂದರೆ 10 ದಿನ. ಅದು ಕಳೆದ ಮೇಲೆ ಗುರುತನ್ನು ತೆಗೆದುಹಾಕಬಹುದು. ಅಳಿಸುವ ಹೊತ್ತಿಗೆ ನಿಂತಿದ್ದ ಯಂತ್ರವೊಂದು ಹದಿನೈದು ದಿನದ ಬಳಿಕ ಮರಳಿದರೆ, ಅದರಲ್ಲಿ ಹಳೆಯ ದಾಖಲೆ ಇನ್ನೂ ಇದೆ. ಅಳಿಸಲಾಗಿದೆ ಎಂದು ಹೇಳಲು ಉಳಿದವುಗಳಲ್ಲಿ ಗುರುತಿಲ್ಲ. ಸತ್ತದ್ದು ಎದ್ದು ಬರುತ್ತದೆ! ಆದ್ದರಿಂದ ಆ 10 ದಿನದೊಳಗೆ ಪ್ರತಿಗಳನ್ನು ತಾಳೆನೋಡಿ ಸರಿಪಡಿಸುವುದು ನಿರ್ವಾಹಕರ ಕೆಲಸ.

ನಮ್ಮನ್ನು ನೇರವಾಗಿ ತಟ್ಟುವ ಡೀಫಾಲ್ಟ್ ಬೇರೊಂದಿದೆ. ವ್ಯಾಪಕ ಬಳಕೆಯ ಮೈಎಸ್‌ಕ್ಯುಎಲ್‌ನಲ್ಲಿ 2018ರ 8.0 ಆವೃತ್ತಿ ಬರುವವರೆಗೆ ಅಕ್ಷರಗಳ ಡೀಫಾಲ್ಟ್ 'ಲ್ಯಾಟಿನ್1' ಆಗಿತ್ತು. ಅದರಲ್ಲಿ ಕನ್ನಡಕ್ಕೆ ಸ್ಥಾನವೇ ಇಲ್ಲ. ಕನ್ನಡದಲ್ಲಿ ತುಂಬಿದ ಹೆಸರು ಕೆಲವೊಮ್ಮೆ ತಿರಸ್ಕೃತವಾಗುತ್ತಿತ್ತು, ಕೆಲವೊಮ್ಮೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತಿತ್ತು. ಹಾಗಾದ ಮೇಲೆ ಪ್ರತಿಗಳು ಮೂರಿದ್ದರೂ ಫಲವಿಲ್ಲ, ಮೂರರಲ್ಲೂ ಪ್ರಶ್ನಾರ್ಥಕವೇ. ಈಗಿನ ಡೀಫಾಲ್ಟ್ ಕನ್ನಡವನ್ನು ಸಲೀಸಾಗಿ ಹಿಡಿಯುತ್ತದೆ, ಆದರೆ ಹಳೆಯ ಕೋಷ್ಟಕಗಳು ತಾವಾಗಿ ಬದಲಾಗುವುದಿಲ್ಲ.

ಶಾಲೆಗೆ ಹೊಸ ತಂತ್ರಾಂಶ ಬಂದಾಗ ಪಾಲಕರು ಇಷ್ಟು ಕೇಳಬಹುದು: 'ಅಶ್ವತ್ಥ' ಎಂದು ಕನ್ನಡದಲ್ಲೇ ಬರೆದು ಉಳಿಸಿ, ಮತ್ತೆ ತೆರೆದು ತೋರಿಸಿ.