ನದಿಯ ಮೇಲಣ ದೀಪ, ಸಮಾಧಿಯ ಮೇಲಣ ದೀಪ

ಕಾರ್ತಿಕ ಮಾಸದಲ್ಲಿ ನದಿಗೆ ದೀಪ ಬಿಡುವ ನೋಟ ತುಂಗೆಗೂ ಭದ್ರೆಗೂ ನಡುವೆ ಬಾಳುವ ಮಲವಗೊಪ್ಪದ ನಮಗೆ ಹೊಸದಲ್ಲ. ಹೆಚ್ಚುಕಡಿಮೆ ಅದೇ ಋತುವಿನಲ್ಲಿ, ನವೆಂಬರ್ 2ರಂದು, ಕಥೋಲಿಕರಾದ ನಾವು ನಮ್ಮ ಮೃತರ ಸಮಾಧಿಗಳ ಮೇಲೆ ಮೇಣದಬತ್ತಿ ಹಚ್ಚುತ್ತೇವೆ. ಜಪಾನಿನಲ್ಲಿ ನದಿಯ ದೀಪವೇ ಮೃತರ ದೀಪವೂ ಆಗಿದೆ.

ಅಲ್ಲಿ ‘ಓಬೊನ್’ ಎಂಬ ಪಿತೃಸ್ಮರಣೆಯ ಹಬ್ಬವುಂಟು. ಮನೆಗೆ ಬಂದ ಹಿರಿಯರ ಆತ್ಮಗಳನ್ನು ಬೀಳ್ಕೊಡಲು ಕಾಗದದ ಗೂಡುದೀಪಗಳನ್ನು ನೀರಿನಲ್ಲಿ ತೇಲಿಬಿಡುತ್ತಾರೆ. ಇದರ ಹೆಸರು ‘ತೋರೊ ನಾಗಾಶಿ’. ಹಿರೋಷಿಮಾದಲ್ಲಿ ಈ ಪದ್ಧತಿಗೆ ಇನ್ನೊಂದು ಅರ್ಥ ಕೂಡಿಕೊಂಡಿದೆ. 1945ರ ಆಗಸ್ಟ್ 6ರ ಬೆಳಿಗ್ಗೆ 8.15ಕ್ಕೆ ಅಲ್ಲಿ ಅಣುಬಾಂಬು ಸಿಡಿಯಿತು. ಆ ವರ್ಷ ಮುಗಿಯುವುದರೊಳಗೆ ಸುಮಾರು 1,40,000 ಮಂದಿ ಸತ್ತರು. ಮೈ ಸುಟ್ಟವರು ನೀರಿಗಾಗಿ ಹಂಬಲಿಸಿ ನದಿಗಿಳಿದು ಅಲ್ಲಿಯೇ ಪ್ರಾಣಬಿಟ್ಟರು. ಪ್ರತಿವರ್ಷ ಅದೇ ದಿನ ಸಂಜೆ ಮೊತೊಯಾಸು ನದಿಯಲ್ಲಿ ಶಾಂತಿಯ ಹಾರೈಕೆ ಬರೆದ ಬಣ್ಣದ ದೀಪಗಳು ತೇಲುತ್ತವೆ.

ಮೂರು ದಿನಗಳ ಬಳಿಕ ನಾಗಸಾಕಿಯ ಸರದಿ. ಅಲ್ಲಿನ ಉರಾಕಾಮಿಯಲ್ಲಿ ಸುಮಾರು 12,000 ಕಥೋಲಿಕರಿದ್ದರು. ಸುಮಾರು 8,500 ಮಂದಿ ಅಳಿದರೆಂದು ಅಂದಾಜು. ಶತಮಾನಗಳ ಹಿಂಸೆಯ ನಡುವೆ ವಿಶ್ವಾಸವನ್ನು ಗುಟ್ಟಾಗಿ ಕಾಪಾಡಿಕೊಂಡವರ ಸಂತತಿಯದು. ಬಾಂಬು ಹಾಕಿದ ಅಮೆರಿಕದ ವಿಮಾನಪಡೆಗೂ ಒಬ್ಬ ಕಥೋಲಿಕ ಗುರುವಿದ್ದರು: ಜಾರ್ಜ್ ಜಬೆಲ್ಕಾ. ನಿರಪರಾಧಿ ನಾಗರಿಕರನ್ನು ಕೊಲ್ಲುವುದು ಪಾಪವೆಂದು ತಾವು ಅಂದು ಬೋಧಿಸದೆ ಉಳಿದುದಕ್ಕಾಗಿ ಅವರು ಮುಂದೆ ಬಹಿರಂಗವಾಗಿ ಪಶ್ಚಾತ್ತಾಪಪಟ್ಟು, ಶಾಂತಿಗಾಗಿ ದುಡಿದರು.

ಆ ಮೌನ ನನ್ನನ್ನೂ ಕಾಡುತ್ತದೆ. ಜಮೀನಿನ ವ್ಯಾಜ್ಯದಿಂದ ದೂರವಾದ ಅಣ್ಣತಮ್ಮಂದಿರಿಬ್ಬರು, ಒಬ್ಬರ ಮುಖ ಇನ್ನೊಬ್ಬರು ನೋಡಬಾರದೆಂದು, ಒಂದೇ ತಂದೆಯ ಸಮಾಧಿಗೆ ಬೇರೆ ಬೇರೆ ಹೊತ್ತಿನಲ್ಲಿ ಬಂದು ದೀಪ ಹಚ್ಚಿದುದನ್ನು ಕಂಡಿದ್ದೇನೆ. ತೀರ್ಥ ಪ್ರೋಕ್ಷಿಸುತ್ತ ಮುಂದೆ ನಡೆದೆನೇ ಹೊರತು ಒಂದು ಮಾತನ್ನೂ ಆಡಲಿಲ್ಲ. ಅದು ನನ್ನ ತಪ್ಪು.

ಮೃತರಿಗಾಗಿ ಪ್ರಾರ್ಥಿಸುವುದೆಂದರೆ ಅವರು ದೇವರಲ್ಲಿ ಜೀವಿಸುತ್ತಾರೆಂದು ಒಪ್ಪುವುದು. ಹಾಗೆ ಜೀವಿಸುವ ತಂದೆಗೆ ಮಕ್ಕಳ ಹಗೆಯ ನಡುವೆ ಉರಿಯುವ ದೀಪ ಯಾವ ಬೆಳಕನ್ನು ಕೊಟ್ಟೀತು? ಶಾಂತಿಯನ್ನು ಬಯಸದ ಸ್ಮರಣೆ ಅರ್ಧ ಪ್ರಾರ್ಥನೆ ಮಾತ್ರ.

ಬರುವ ನವೆಂಬರ್ 2ರಂದು ಒಂದು ಮೇಣದಬತ್ತಿಯನ್ನು ಹೆಚ್ಚಾಗಿ ತನ್ನಿರಿ. ಹಚ್ಚುವವರಿಲ್ಲದ ಸಮಾಧಿಯ ಮೇಲೆ ಅದನ್ನು ಇಡಿರಿ. ಮಾತುಬಿಟ್ಟ ಅಣ್ಣನೋ ತಮ್ಮನೋ ಇದ್ದರೆ ಹೇಳಿಕಳುಹಿಸಿ, ಇಬ್ಬರೂ ಒಂದೇ ಹೊತ್ತಿಗೆ ಬನ್ನಿರಿ. ಈ ಸಲ ನಾನು ಸುಮ್ಮನೆ ಮುಂದೆ ನಡೆಯಲಾರೆ.