ಈಚಲ ಮೈಮೇಲಿನ ಲೆಕ್ಕ

ಸೇಂದಿ ಇಳಿಸಿದ ಹಳೆಯ ಈಚಲ ಗಿಡದ ಕಾಂಡ ನೆಟ್ಟಗಿರುವುದಿಲ್ಲ. ಒಂದು ಕಚ್ಚು ಎಡಕ್ಕೆ, ಅದರ ಮೇಲಿನದು ಬಲಕ್ಕೆ, ಮತ್ತೆ ಎಡಕ್ಕೆ ಎಂದು ಬುಡದಿಂದ ತಲೆಯವರೆಗೆ ಅಂಕುಡೊಂಕಾಗಿ ಏರಿರುತ್ತದೆ. ಈಚಲಿನ ಗಾಯ ಮುಚ್ಚಿಕೊಳ್ಳುವುದಿಲ್ಲ. ಒಂದು ವರ್ಷ ಒಂದು ಮಗ್ಗುಲಲ್ಲಿ ಗೀರಿದರೆ ಮರುವರ್ಷ ಎದುರು ಮಗ್ಗುಲಲ್ಲಿ, ಹೊಸದಾಗಿ ಬೆಳೆದ ಎಳೆಯ ಭಾಗದಲ್ಲಿ ಗೀರಬೇಕು. ಹೀಗೆ ಗಿಡ ತನ್ನ ಮೈಮೇಲೆಯೇ ಲೆಕ್ಕದ ಪುಸ್ತಕ ಇಟ್ಟುಕೊಂಡಿರುತ್ತದೆ: ಕಚ್ಚುಗಳನ್ನು ಎಣಿಸಿದರೆ ಎಷ್ಟು ಹಂಗಾಮು ರಸ ಕೊಟ್ಟಿದೆ ಎಂಬುದು ತಿಳಿಯುತ್ತದೆ, ಕಚ್ಚು ನಿಂತು ಕಾಂಡ ನೆಟ್ಟಗಾದ ಜಾಗ ನೋಡಿದರೆ ಕಸುಬು ಎಂದು ನಿಂತಿತು ಎಂಬುದೂ ತಿಳಿಯುತ್ತದೆ. ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಕಾನೂನಿನ ಪ್ರಕಾರ ಆ ಕಸುಬು ನಿಂತದ್ದು 2004ರಲ್ಲಿ. ಕರಾವಳಿಯನ್ನು ಬಿಟ್ಟು ರಾಜ್ಯದ ಉಳಿದೆಡೆ ಸರ್ಕಾರ ಸೇಂದಿಯನ್ನು ಆ ವರ್ಷ ನಿಷೇಧಿಸಿತು. ಕೊಟ್ಟ ಕಾರಣ ಕಲಬೆರಕೆ. ಆದರೆ ಆ ತಪ್ಪು ನಡೆದದ್ದು ಗಿಡದಿಂದ ದೂರವಾದ ಅಂಗಡಿಯಲ್ಲಿ. ಶಿಕ್ಷೆಯಾದದ್ದು ಗಿಡ ಏರುವ ಕೈಗೆ. ಈ ಲೇಖನದ ವಾದ ಇಷ್ಟೇ.

ಕಸುಬಿನ ಜೀವಾಳವೆಲ್ಲ ಆ ಒಂದು ಗೀರಿನಲ್ಲಿದೆ. ಚಳಿ ಶುರುವಾಗುವ ಹೊತ್ತಿಗೆ ಗಿಡ ಏರಿ, ತಲೆಯ ಒಂದು ಮಗ್ಗುಲಿನ ಗರಿಗಳನ್ನು ಬುಡಸಮೇತ ಸವರಿ, ಒಳಗಿನ ಬಿಳಿಯ ಎಳೆ ಭಾಗ ಕಾಣುವವರೆಗೆ ಹೆರೆಯುತ್ತಾರೆ. ಅಲ್ಲಿ ಗಾಳಿ ಬಿಸಿಲಿಗೆ ಕೆಲವು ದಿನ ಒಣಗಬೇಕು. ಆಮೇಲೆ ಇಳಿಜಾರಾಗಿ ಕಚ್ಚು ಹಾಕಿ, ಕೆಳತುದಿಯಲ್ಲಿ ಬಿದಿರಿನ ಸೀಳನ್ನೋ ಗರಿಯ ತುಂಡನ್ನೋ ಸಿಕ್ಕಿಸಿ, ಅದರಡಿ ಗಡಿಗೆ ಕಟ್ಟುತ್ತಾರೆ. ಸಂಜೆ ಕಟ್ಟಿದ ಗಡಿಗೆಯನ್ನು ನಸುಕಿನಲ್ಲಿ ಇಳಿಸಬೇಕು. ಮತ್ತೆ ರಸ ಬರಬೇಕಾದರೆ ಕಚ್ಚಿನ ಮೇಲ್ಮೈಯನ್ನು ತೆಳ್ಳಗೆ, ಕಾಗದದಷ್ಟೇ ತೆಳ್ಳಗೆ, ಹೊಸದಾಗಿ ಹೆರೆಯಬೇಕು. ತುಸು ಆಳಕ್ಕಿಳಿದರೆ ಗಿಡದ ಸುಳಿಗೆ ಪೆಟ್ಟು. ಈಚಲಿಗೆ ಇರುವುದು ಒಂದೇ ಸುಳಿ, ಅದು ಸತ್ತರೆ ಗಿಡವೇ ಸತ್ತಂತೆ. ತುಸು ಮೇಲಾದರೆ ರಸ ಒಸರುವುದಿಲ್ಲ. ಕೆಲವು ದಿನ ಇಳಿಸಿದ ಮೇಲೆ ಗಿಡಕ್ಕೆ ವಿಶ್ರಾಂತಿ ಕೊಡಬೇಕು. ಇದನ್ನೆಲ್ಲ ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಮುಳ್ಳುಗರಿಗಳ ನಡುವೆ, ಒಂದು ಕೈಯಲ್ಲಿ ಕತ್ತಿ ಹಿಡಿದು ಮಾಡಬೇಕು. ತಾಳೆಯ ರೀತಿ ಬೇರೆ, ಅಲ್ಲಿ ಕಾಂಡಕ್ಕಲ್ಲ, ಹೂಗೊನೆಗೆ ಕತ್ತಿ ಬೀಳುತ್ತದೆ.

ಹೀಗೆ ಇಳಿಸಿದ ರಸ ಕುಡಿಯುವವನ ಕೈಸೇರುವ ಬಗೆಗೆ ಇಂದಿನ ಹೋಲಿಕೆಯೊಂದಿದೆ. ಹೊರದೇಶಗಳ ಬಾರ್, ರೆಸ್ಟೋರೆಂಟ್‌ಗಳಲ್ಲಿ ವೈನನ್ನು ಬಾಟಲಿ ಬಿಟ್ಟು ನಲ್ಲಿಯಿಂದಲೇ ಗ್ಲಾಸಿಗೆ ಬಿಡುವ ಪದ್ಧತಿ ಬೆಳೆದಿದೆ. ಸುಮಾರು 20 ಲೀಟರಿನ ಉಕ್ಕಿನ ಪೀಪಾಯಿ ಒಂದರಲ್ಲಿ 750 ಮಿ.ಲೀ.ನ 26 ಬಾಟಲಿಗಳಷ್ಟು ವೈನ್ ಹಿಡಿಯುತ್ತದೆ. ನೈಟ್ರೋಜನ್ ಅಥವಾ ಆರ್ಗಾನ್ ಅನಿಲದ ಒತ್ತಡ ಅದನ್ನು ಮೇಲಕ್ಕೆ ತಳ್ಳುತ್ತದೆ, ಗಾಳಿಯನ್ನೂ ಹೊರಗೇ ನಿಲ್ಲಿಸುತ್ತದೆ. ಬಿರಡೆ ತೆಗೆದ ಬಾಟಲಿ ಕೆಲವೇ ದಿನಗಳಲ್ಲಿ ರುಚಿಗೆಡುತ್ತದೆ, ಪೀಪಾಯಿಯದು ವಾರಗಟ್ಟಲೆ ಕೆಡುವುದಿಲ್ಲ. ಗಾಜು, ಬಿರಡೆ, ಲೇಬಲ್ಲುಗಳ ಖರ್ಚೂ ಉಳಿಯುತ್ತದೆ. ಬಾಟಲಿಯ ಹಂಗಿಲ್ಲದೆ ಮೂಲದಿಂದ ಗಿಲಾಸಿಗೆ ಬಡಿಸುವ ಈ ಕ್ರಮ ಈಚಲ ಬುಡದಲ್ಲಿ ಶತಮಾನಗಳಿಂದ ಇತ್ತು. ಅಲ್ಲಿ ಅನಿಲವಿರಲಿಲ್ಲ, ಕಾವಲಿಗಿದ್ದದ್ದು ಹೊತ್ತು ಮಾತ್ರ. ಗಿಡದಿಂದ ಒಸರುವಾಗ ಸಿಹಿನೀರಿನಂತಿರುವ ರಸಕ್ಕೆ ಗಡಿಗೆಯಲ್ಲಿ, ಗಾಳಿಯಲ್ಲಿ ಇರುವ ಯೀಸ್ಟ್ ತಾನಾಗಿಯೇ ಸೇರುತ್ತದೆ. ಕೆಲವೇ ಗಂಟೆಗಳಲ್ಲಿ ಅದು ನೊರೆಯೇರಿ ಶೇ. 4-5ರಷ್ಟು ಮದ್ಯಸಾರದ ಪಾನೀಯವಾಗುತ್ತದೆ, ಇನ್ನೂ ಒಂದು ದಿನ ಬಿಟ್ಟರೆ ಹುಳಿಯೇರಿ ವಿನೆಗರ್‌ನತ್ತ ಸಾಗುತ್ತದೆ. ಹಾಗಾಗಿ ನಿಜವಾದ ಸೇಂದಿಯನ್ನು ದೂರ ಸಾಗಿಸಲಾಗದು, ಕೂಡಿಡಲೂ ಆಗದು. ಗಿಡ ಇರುವ ಊರಿನಲ್ಲಿ, ಇಳಿಸಿದ ದಿನವೇ ಅದು ಮುಗಿಯಬೇಕು.

ಈ ಕಸುಬಿಗೆ ಕಲ್ಯಾಣ ನಾಡಿನಲ್ಲಿ ದೊಡ್ಡ ಹೆಸರೊಂದಿದೆ. 12ನೆಯ ಶತಮಾನದ ಶರಣ ಹೆಂಡದ ಮಾರಯ್ಯ ‘ಧರ್ಮೇಶ್ವರಲಿಂಗ’ ಅಂಕಿತದಲ್ಲಿ ವಚನ ಬರೆದವನು. ಸುರಪುರ ಸೀಮೆಯ ಮುದನೂರಿನ ದಾಸಿಮಯ್ಯನ ಹೆಸರಿಗೆ ನೇಯ್ಗೆಯ ‘ಜೇಡರ’ ಅಂಟಿಕೊಂಡಂತೆ ಮಾರಯ್ಯನ ಹೆಸರಿಗೆ ಹೆಂಡ ಅಂಟಿಕೊಂಡಿತು. ತನ್ನ ವ್ಯಾಪಾರದ ಮಾತುಗಳಲ್ಲೇ ಅವನು ಅನುಭಾವವನ್ನು ಹೇಳಿದ, ಶರಣರ ಸಮೂಹವೂ ಅವನನ್ನು ತನ್ನವನೆಂದೇ ಎಣಿಸಿತು. ಮುಂದೆ 1858ರ ದಂಗೆಯ ಬಳಿಕ ರಾಜಾ ವೆಂಕಟಪ್ಪ ನಾಯಕರ ಸುರಪುರ ಸಂಸ್ಥಾನ ಅಳಿದು, 1860ರಲ್ಲಿ ನಿಜಾಮನ ಕೈಸೇರಿತು. ನಿಜಾಮನ ಬೊಕ್ಕಸಕ್ಕೆ ಅಬಕಾರಿ ದೊಡ್ಡ ಆದಾಯ. ಅಬಕಾರಿಯ ಗುತ್ತಿಗೆಯನ್ನು ಹರಾಜಿನಲ್ಲಿ ಹಿಡಿದವರು ಗುತ್ತೇದಾರರಾದರು. ಸೇಂದಿಯ ಕಸುಬಿನವರಾದ ಈ ಭಾಗದ ಈಡಿಗ ಮನೆತನಗಳಲ್ಲಿ ಆ ಅಡ್ಡಹೆಸರು ಇಂದಿಗೂ ಉಳಿದಿದೆ. ಗಿಡ ಏರುವವನು ಒಬ್ಬ, ಅಂಗಡಿಯ ಹಕ್ಕು ಹಿಡಿದವನು ಇನ್ನೊಬ್ಬ ಎಂಬ ಒಡಕು ಬಲಿತದ್ದು ಈ ಹರಾಜಿನ ಪದ್ಧತಿಯಲ್ಲೇ.

ಕಲಬೆರಕೆಯ ಬೇರೂ ಇದೇ ಒಡಕಿನಲ್ಲಿದೆ. ಗಿಡ ಕೊಡುವ ರಸಕ್ಕೆ ಮಿತಿಯಿದೆ. ಚಳಿಗಾಲದಲ್ಲಿ ಹೆಚ್ಚು, ಬಿಸಿಲೇರಿದಂತೆ ಕಡಿಮೆ. ಹರಾಜಿನಲ್ಲಿ ಕೂಗಿದ ಹಣಕ್ಕೆ ಆ ಮಿತಿ ಇಲ್ಲ. ಹಣ ವಾಪಸು ಬರಬೇಕಾದರೆ ಗಿಡಗಳು ಕೊಟ್ಟದ್ದಕ್ಕಿಂತ ಹೆಚ್ಚು ಮಾರಬೇಕು, ಅದಕ್ಕೆ ನೀರು, ಸ್ಯಾಕರಿನ್, ಕೊನೆಗೆ ನಿದ್ದೆಯ ಮದ್ದಾದ ಕ್ಲೋರಲ್ ಹೈಡ್ರೇಟ್ ಬೆರಕೆಯಾಗಬೇಕು. ಜನರ ಬಾಯಲ್ಲಿ ಇದು ಸಿ.ಎಚ್. ಪೌಡರ್. ಈ ಪುಡಿಯ ಚಟ ಹತ್ತಿದವರು ಶುದ್ಧ ಸೇಂದಿ ಕೊಟ್ಟರೆ ‘ಕಿಕ್ ಇಲ್ಲ’ ಎನ್ನುತ್ತಾರೆ, ಸಿಗದಿದ್ದರೆ ನಡುಗಿ ಹಾಸಿಗೆ ಹಿಡಿಯುತ್ತಾರೆ. ನಿಷೇಧಕ್ಕೆ ಕೊಟ್ಟ ಕಾರಣ ಸುಳ್ಳಾಗಿರಲಿಲ್ಲ. ಆದರೆ ಪುಡಿ ಬಂದದ್ದು ಗಿಡದಿಂದಲ್ಲ. 2007ರಲ್ಲಿ ಸಾರಾಯಿಯೂ ನಿಂತಿತು. ಹಳ್ಳಿಯ ಕುಡಿತ ಮಾತ್ರ ನಿಲ್ಲಲಿಲ್ಲ, ಶೇ. 42.8ರ ಮದ್ಯಸಾರ ತುಂಬಿದ 90 ಮಿ.ಲೀ. ಟೆಟ್ರಾ ಪ್ಯಾಕಿಗೆ ವರ್ಗವಾಯಿತು. ಅದೇ 2007ರಲ್ಲಿ ರಾಜ್ಯ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದು, ವೈನನ್ನು ರೈತನ ಉತ್ಪನ್ನವೆಂದು ಬೆನ್ನು ತಟ್ಟಿತು. ಒಳ್ಳೆಯದೇ ಆಯಿತು. ಪಕ್ಕದ ವಿಜಯಪುರದ ದ್ರಾಕ್ಷಿಗೆ ಸಿಕ್ಕ ಆ ಗೌರವ ಯಾದಗಿರಿಯ ಈಚಲಿಗೂ ಸಲ್ಲಬೇಕಾದದ್ದು.

ಆಕ್ಷೇಪಗಳು ಹಗುರವಲ್ಲ. ನೆರೆಯ ತೆಲಂಗಾಣದಲ್ಲಿ ಸೇಂದಿಗೆ ಪರವಾನಗಿ ಇದೆಯಲ್ಲ, ಆದರೂ 2025ರ ಜುಲೈನಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಕಲಬೆರಕೆ ಸೇಂದಿ ಕುಡಿದು ಜನ ಸತ್ತರಲ್ಲ ಎಂದು ಕೇಳಬಹುದು. ಸತ್ತದ್ದು ನಿಜ. ಆದರೆ ಅದು ಮಹಾನಗರದ ‘ಕಾಂಪೌಂಡು’, ಅಂದರೆ ಸೇಂದಿ ಅಂಗಡಿ. ಅಷ್ಟು ಜನರಿಗೆ ಸಾಲುವಷ್ಟು ಗಿಡ ಅಲ್ಲಿ ಸುತ್ತಮುತ್ತ ಇಲ್ಲ. ಅದೇ ರಾಜ್ಯದಲ್ಲಿ ಗಿಡ ಏರುವವನಿಗೇ ಗಿಡದ ಪರವಾನಗಿ ಕೊಡುವ ಕ್ರಮವೂ ಇದೆ. ನಾವು ಕಲಿಯಬೇಕಾದದ್ದು ಆ ಎರಡನೆಯದನ್ನು: ಪರವಾನಗಿ ಅಂಗಡಿಗಲ್ಲ, ಎಣಿಸಿ ಸಂಖ್ಯೆ ಬರೆದ ಗಿಡಕ್ಕೆ, ಮಾರಾಟ ಅದೇ ಊರಲ್ಲಿ, ಗಿಡದ ಲೆಕ್ಕಕ್ಕಿಂತ ಹೆಚ್ಚು ಮಾರಿದರೆ ಅದೇ ಕಲಬೆರಕೆಗೆ ಸಾಕ್ಷಿ. ಎರಡನೆಯ ಆಕ್ಷೇಪ ಇನ್ನೂ ತೂಕದ್ದು. ಈಡಿಗರು ಗುರುವೆಂದು ನಂಬಿದ ನಾರಾಯಣ ಗುರುಗಳೇ ಹೆಂಡ ಇಳಿಸಬೇಡಿ, ಮಾರಬೇಡಿ, ಕುಡಿಯಬೇಡಿ ಎಂದರು. ಕುಡುಕ ಗಂಡನ ಮನೆಯಲ್ಲಿ ಬೆಂದ ಹೆಣ್ಣುಮಕ್ಕಳೂ ಅದನ್ನೇ ಹೇಳುತ್ತಾರೆ. ಈ ಮಾತಿಗೆ ತಲೆಬಾಗಲೇಬೇಕು. ಆದರೆ ಅದೇ ಗಿಡ, ಅದೇ ಗೀರು ಬಂಗಾಳದಲ್ಲಿ ಹೆಸರಾಂತ ನೊಲೆನ್ ಗುಡ್, ಅಂದರೆ ಚಳಿಗಾಲದ ಈಚಲ ಬೆಲ್ಲವಾಗುತ್ತದೆ. ಗಡಿಗೆಯ ಒಳಗೆ ಸುಣ್ಣ ಬಳಿದರೆ ರಸ ಹುಳಿಯುವುದು ತಡವಾಗಿ, ಹುಳಿಯದ ಸಿಹಿರಸವಾದ ಬೆಳಗಿನ ನೀರಾ ಸಿಗುತ್ತದೆ. ಹೈದರಾಬಾದಿನಲ್ಲಿ 2023ರಲ್ಲಿ ಸರ್ಕಾರವೇ ನೀರಾ ಕೆಫೆ ತೆರೆಯಿತು. ಕರ್ನಾಟಕ ತೆಂಗಿನ ನೀರಾಕ್ಕೆ ದಾರಿ ಮಾಡಿಕೊಟ್ಟಿದೆ. ಕುಡಿತ ಬೇಡವೆನ್ನುವವರೂ ಈಚಲ ನೀರಾ, ಈಚಲ ಬೆಲ್ಲ ಬೇಡವೆನ್ನಲಾರರು.

ಆದರೆ ಹೊತ್ತು ಮೀರುತ್ತಿದೆ. ಕೃಷ್ಣೆಯ ಕಾಲುವೆ ನೀರು ಬಂದ ಶಹಾಪುರ, ಸುರಪುರದ ಹೊಲಗಳನ್ನು ಭತ್ತಕ್ಕೆಂದು ಸಮ ಮಾಡುವಾಗ ದಂಡೆಯ ಈಚಲಿಗೆ ಬೆಲೆ ಕಟ್ಟುವವರು ಯಾರು? ರಸ ಇಳಿಸದ ಈಚಲು ರೈತನಿಗೆ ಬರಿಯ ಮುಳ್ಳು, ಹೆಚ್ಚೆಂದರೆ ಕಸಬರಿಗೆಯ ಗರಿ. ಗಿಡವನ್ನಾದರೂ ಮತ್ತೆ ನೆಡಬಹುದು, ಬೀಜ ಬಿದ್ದಲ್ಲಿ ತಾನಾಗಿಯೂ ಹುಟ್ಟುತ್ತದೆ. ಗೀರುವ ಕೈ ಹಾಗಲ್ಲ. ತಂದೆ ಗಿಡದ ಮೇಲಿದ್ದು, ಮಗ ಕೆಳಗೆ ನಿಂತು ನೋಡಿ, ಹತ್ತಾರು ಹಂಗಾಮು ಕತ್ತಿ ಹಿಡಿದ ಮೇಲೆ ಬರುವ ಅಳತೆ ಅದು. 2004ರಲ್ಲಿ ಮೂವತ್ತರ ಹರೆಯದಲ್ಲಿದ್ದ ಕಸುಬುದಾರ ಈಗ ಐವತ್ತು ದಾಟಿದ್ದಾನೆ, ಅವನ ಮಗ ಗಿಡ ಏರಿದವನೇ ಅಲ್ಲ. ಸರ್ಕಾರ ಆದೇಶವನ್ನು ಯಾವ ದಿನ ಬೇಕಾದರೂ ಬದಲಿಸಬಹುದು. ಆ ದಿನ ಬರುವ ಹೊತ್ತಿಗೆ ಈಚಲ ಸುಳಿಗೆ ನೋವಾಗದಂತೆ ಗೀರಬಲ್ಲ ಒಬ್ಬನಾದರೂ ಈ ಸೀಮೆಯಲ್ಲಿ ಉಳಿದಿರಲಿ ಎಂಬುದೇ ಸದ್ಯದ ಆಸೆ.